ಸಂಗಮ್ಮನ ಹೃದಯಕ್ಕೊಂದು ಚಾರ್ಟು

ಹೊಸಪೇಟೆ ಸುತ್ತಮುತ್ತ ಬಿ.ಎಡ್. ಮುಗಿಸಿದವರ ಮನೆಯ ಅಟ್ಟ ಹುಡುಕಿದರೆ, ಮುರಿದ ಕೊಡೆ, ಕೆಟ್ಟ ಫ್ಯಾನುಗಳ ನಡುವೆ ಜಡೆಪ್ಪ ಬರೆದ ಒಂದು ಹೃದಯ ಸಿಕ್ಕೇ ಸಿಗುತ್ತದೆ. ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಜೋಪಾನವಾಗಿಟ್ಟ ಹೃದಯ. ಅದನ್ನು ತೋರಿಸಿ ಅಂಕ ಪಡೆದವರು ಈಗ ಮೇಷ್ಟ್ರಾಗಿದ್ದಾರೆ, ಮೇಡಂ ಆಗಿದ್ದಾರೆ, ಒಬ್ಬರು ಅಧಿಕಾರಿಯೂ ಆಗಿದ್ದಾರೆ. ಅವರಲ್ಲಿ ಯಾರೂ ಸ್ವಂತ ಕೈಯಿಂದ ಒಂದು ಮಾವಿನಕಾಯಿ ಬರೆದವರಲ್ಲ. ಆದರೂ ಚಾರ್ಟಿನ ಕೆಳಗೆ ‘ಈ ಪಾಠೋಪಕರಣವನ್ನು ನಾನೇ ತಯಾರಿಸಿದ್ದೇನೆ’ ಎಂದು ಬರೆದಿರುತ್ತದೆ. ಆ ವಾಕ್ಯವನ್ನೂ ಜಡೆಪ್ಪನೇ ಬರೆದುಕೊಡುತ್ತಾನೆ, ಅಕ್ಷರ ದುಂಡಗಿರಲಿ ಎಂದು.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಹೆಂಡತಿ ಸಂಗಮ್ಮನ ಹೆಸರಿಡಬೇಕೆಂದು ಹೊರಟವನು, ತಗಡು ಸಾಲದೆ ‘ಸಂಗ ಆರ್ಟ್ಸ್’ ಎಂದು ಮುಗಿಸಿದ. “ನನ್ನ ಅರ್ಧಕ್ಕ ಕಡಿದು ತೂಗುಹಾಕ್ಯಾರ ನೋಡ್ರಿ” ಎಂದು ಸಂಗಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು.

ಚಾರ್ಟಿಗೆ ಬರುವ ಮೊದಲು ಅವನು ಲಾರಿಗಳಿಗೆ ಬಣ್ಣ ಹಚ್ಚುತ್ತಿದ್ದ. ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಇರುವೆಯ ಸಾಲಿನಂತೆ ಇಳಿಯುತ್ತಿದ್ದ ಕಾಲ ಅದು. ಲಾರಿಯ ಹಿಂಬದಿಗೆ ಹುಲಿ, ನವಿಲು, ಮಾಲೀಕರ ಮಗುವಿನ ಮುಖ ಬರೆಯುತ್ತಿದ್ದ. ಲಾರಿ ದಾರಿಯ ವಡ್ಡು ಊರು ದಾಟುವಷ್ಟರಲ್ಲಿ ಕೆಂಪು ಧೂಳು ಮೆತ್ತಿ, ಹುಲಿ ಯಾವುದು ಮಗು ಯಾವುದು ಎಂದು ಹೆತ್ತವರಿಗೂ ತಿಳಿಯುತ್ತಿರಲಿಲ್ಲ. ಗಣಿ ನಿಂತಿತು, ಲಾರಿಗಳು ನಿಂತವು. ಪುಣ್ಯಕ್ಕೆ ಶಿಕ್ಷಣ ನಿಲ್ಲಲಿಲ್ಲ. ಹುಲಿ ಬರೆದ ಕೈ ಹೂವಿನ ಉದ್ದಸೀಳಿಕೆ ಬರೆಯಲು ಕಲಿಯಿತು.

ಒಮ್ಮೆ ಶಿಕ್ಷಕರ ತರಬೇತಿಗೆ ಅವನನ್ನು ಸಂಪನ್ಮೂಲ ವ್ಯಕ್ತಿ ಎಂದು ಕರೆಸಿದರು. ಬಂದಿದ್ದ ತಜ್ಞರು ‘ಕಿವಿಗೆ ಹೇಳಿದ್ದು ಸೋರಿಹೋಗುತ್ತದೆ, ಕಣ್ಣಿಗೆ ತೋರಿಸಿದ್ದು ಮಾತ್ರ ನಿಲ್ಲುತ್ತದೆ’ ಎಂಬ ವಿಷಯದ ಮೇಲೆ ಊಟದ ಹೊತ್ತಿನವರೆಗೆ ಮಾತನಾಡಿದರು. ಒಂದು ಚಿತ್ರವನ್ನೂ ತೋರಿಸಲಿಲ್ಲ. ಮೇಷ್ಟ್ರುಗಳ ಕಿವಿಯಿಂದ ಅದೆಲ್ಲ ತಜ್ಞರ ಸಿದ್ಧಾಂತದ ಪ್ರಕಾರವೇ ಸೋರಿಹೋಯಿತು. ಜಡೆಪ್ಪನ ಕಿವಿಯಲ್ಲಿ ಮಾತ್ರ ನಿಂತುಬಿಟ್ಟಿತು. ಅಂದಿನಿಂದ ಅವನು ಚಹಾದಂಗಡಿಯಲ್ಲಿ ಸಕ್ಕರೆ ಬೇಡ ಎನ್ನಬೇಕಾದರೂ ಗ್ಲಾಸು, ಚಮಚ ಬರೆದು, ಚಮಚದ ಮೇಲೆ ಅಡ್ಡಗೆರೆ ಎಳೆದು ತೋರಿಸುವವನಾದ. ಚಹಾದವನು ಆ ಚೀಟಿಯನ್ನು ಗೌರವದಿಂದ ಮಡಿಚಿ ಜೇಬಿಗಿಟ್ಟುಕೊಂಡು, ಎಂದಿನಂತೆ ಸಕ್ಕರೆ ಹಾಕಿಯೇ ಕೊಡುತ್ತಿದ್ದ.

ಅವನ ಚಾರ್ಟುಗಳಿಗೆ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಕೊಟ್ಟವರು ಯಲ್ಲೇಶ್ ಮೇಷ್ಟ್ರು. ಗಾದಿಗನೂರಿನ ಆಚೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು. ಕೊಂಡ ಚಾರ್ಟುಗಳನ್ನೆಲ್ಲ ಪ್ಲಾಸ್ಟಿಕ್ ಹೊದಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. “ಹೊರಗ ಇಟ್ರ ಹುಡುಗ್ರು ನೋಡಿ ನೋಡಿ ಹಾಳ ಮಾಡ್ತಾವು, ಜಡೆಪ್ಪಣ್ಣ” ಎನ್ನುತ್ತಿದ್ದರು. ತಪಾಸಣೆಯ ದಿನ ಮಾತ್ರ ಬೀರು ತೆರೆದು ಗೋಡೆ ತುಂಬ ತೂಗುಹಾಕುತ್ತಿದ್ದರು. ಮಕ್ಕಳು ಮೊದಲ ಬಾರಿಗೆ ಮೂತ್ರಪಿಂಡ ಕಂಡು ಬಾಯಿ ತೆರೆದು ನಿಲ್ಲುತ್ತಿದ್ದರು. ಬಂದ ಅಧಿಕಾರಿ ‘ಮಕ್ಕಳಲ್ಲಿ ಕುತೂಹಲ ಉತ್ತಮವಾಗಿದೆ’ ಎಂದು ಬರೆದು ಹೋಗುತ್ತಿದ್ದರು.

ಸಂಗಮ್ಮ ಕಂಪ್ಲಿ ಕಡೆಯವಳು. ಅವಳಪ್ಪನ ಭತ್ತದ ಹೊಲ ಕಾಲುವೆಯ ಕಟ್ಟಕಡೆಯ ತುದಿಯಲ್ಲಿತ್ತು. ಮೇಲಿನವರೆಲ್ಲ ಕುಡಿದು ಬಾಯಿ ಒರೆಸಿಕೊಂಡ ಮೇಲೆ ಉಳಿದ ನೀರು ಅಲ್ಲಿಗೆ. ಹೀಗಾಗಿ ಅವಳಿಗೆ ಯಾವುದನ್ನೂ ಬಂದ ಮೇಲೆಯೇ ನಂಬುವ ಅಭ್ಯಾಸ. ಗಂಡನ ಚಿತ್ರಗಳನ್ನು ಅವಳು ಮೆಚ್ಚಿದ ದಾಖಲೆಯಿಲ್ಲ. ಹುಲಿ ತೋರಿಸಿದರೆ “ಹೊಟ್ಟಿತುಂಬ ಉಂಡೈತಿ ಇದು, ಯಾರಿಗೂ ಏನೂ ಮಾಡಂಗಿಲ್ಲ” ಎಂದು ಒಳಗೆ ಹೋಗುತ್ತಿದ್ದಳು.

ಆ ಸಂಗಮ್ಮನಿಗೆ ಉಸಿರು ಸಾಲದಾಯಿತು. ಮೊದಲು ಮಾಳಿಗೆಗೆ ಬಟ್ಟೆ ಒಣಹಾಕಲು ಹೋಗುವಾಗ ಮೆಟ್ಟಿಲ ನಡುವೆ ನಿಲ್ಲುತ್ತಿದ್ದಳು. ಆಮೇಲೆ ಒಲೆಯ ಮುಂದೆಯೂ ನಿಲ್ಲತೊಡಗಿದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕುಳಿತೇ ರಾತ್ರಿ ಕಳೆಯುತ್ತಿದ್ದಳು. ಜಡೆಪ್ಪ ಅವಳನ್ನು ಹೊಸಪೇಟೆಯ ಹೃದಯದ ಡಾಕ್ಟರು ವಂದನಾ ಅವರಲ್ಲಿಗೆ ಕರೆದೊಯ್ದ.

ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, “ಸಣ್ಣವರಿದ್ದಾಗ ಕೀಲುನೋವು, ಜ್ವರ ಭಾಳ ದಿನ ಬಂದಿತ್ತೇನಮ್ಮಾ?” ಎಂದು ಕೇಳಿದರು.

“ಬಂದಿತ್ರಿ. ಹೋತು.”

“ಅದು ಹೋಗುವಾಗ ಹೃದಯದ ಒಂದು ಕವಾಟ ಕೆಡಿಸಿ ಹೋಗೇದ. ಕವಾಟ ಪೂರಾ ತೆರೀವಲ್ದು. ಬಳ್ಳಾರಿ ಆಸ್ಪತ್ರಿಯೊಳಗ ತೊಡೆಯ ರಕ್ತನಾಳದಿಂದ ಸಣ್ಣ ತಂತಿ ಕಳಿಸಿ, ಅದರ ತುದಿಯ ಬಲೂನು ಉಬ್ಬಿಸಿ ಕವಾಟ ಅಗಲ ಮಾಡ್ತಾರ. ಎದೆ ಕೊಯ್ಯೋದಿಲ್ಲ.”

“ಬಲೂನಾ? ನಾನೇನು ಸಣ್ಣ ಕೂಸಾ? ಗುಳಿಗಿ ಕೊಡ್ರಿ, ಸಾಕು” ಎಂದು ಸಂಗಮ್ಮ ಎದ್ದೇಬಿಟ್ಟಳು.

ಡಾಕ್ಟರು ಅವಳನ್ನು ಕೂರಿಸಿ ಕಾಗದದ ಮೇಲೆ ಬರೆದು ತೋರಿಸಲು ನೋಡಿದರು. ಎರಡು ಗೆರೆ ಎಳೆಯುವಷ್ಟರಲ್ಲಿ ಜಡೆಪ್ಪನ ಕಣ್ಣಿಗೆ ಖಾರ ಬಿದ್ದಂತಾಯಿತು.

“ಮೇಡಂ, ಇದು ಬದನಿಕಾಯಿ ಆತು. ನನಗ ಬಿಡ್ರಿ. ಹೃದಯ ಅಂದ್ರ ನನ್ನ ಬಲಗೈ ಕೆಲಸ. ಬರ್ದು ತಿಳಿಸ್ತೀನಿ.”

“ಯಾರಾದ್ರೂ ತಿಳಿಸ್ರಿ, ಜಲ್ದಿ ತಿಳಿಸ್ರಿ. ದೀಪಾವಳಿ ದಾಟಿಸಬ್ಯಾಡ್ರಿ. ಶ್ವಾಸಕೋಶದಾಗ ನೀರು ತುಂಬಿಕೊಂಡ್ರ ಜೀವಕ್ಕ ಕುತ್ತು” ಎಂದರು ವಂದನಾ. ಈ ಮಾತನ್ನು ಅವರು ಚಿತ್ರ ಬರೆಯದೆಯೇ ಹೇಳಿದರು. ಜಡೆಪ್ಪನಿಗೆ ಚೆನ್ನಾಗಿಯೇ ತಿಳಿಯಿತು.

ಅಂಗಡಿ ಮುಚ್ಚಿದ. ಪರೀಕ್ಷೆ ಹತ್ತಿರ ಬಂದ ಬಿ.ಎಡ್. ವಿದ್ಯಾರ್ಥಿಗಳು ಬಾಗಿಲು ತಟ್ಟಿ, ಹೃದಯವಿಲ್ಲದೆ ಹಿಂದಿರುಗಿದರು. ಅವನು ತನ್ನ ಬದುಕಿನ ಅತ್ಯುತ್ತಮ ಚಾರ್ಟು ಬರೆದ. ನಾಲ್ಕು ಕೋಣೆ, ಕವಾಟ, ಬಾಣದ ಗುರುತು. ಒಂದು ಬದಿಗೆ ಕುಂಕುಮದಂಥ ಕೆಂಪು, ಇನ್ನೊಂದು ಬದಿಗೆ ಮಿಂಚುಳ್ಳಿಯ ರೆಕ್ಕೆಯಂಥ ನೀಲಿ. ಅಡುಗೆಮನೆಯಲ್ಲಿ ಜರಡಿ ತೂಗುಹಾಕುವ ಮೊಳೆಗೆ ಅದನ್ನು ತೂಗುಹಾಕಿ, ಕೈಯಲ್ಲೊಂದು ಕೋಲು ಹಿಡಿದು ನಿಂತ.

“ಇದು ನಿನ್ನ ಹೃದಯ, ಸಂಗೀ.”

“ಇಷ್ಟ ದೊಡ್ಡದಾ?”

“ತಿಳೀಲಿ ಅಂತ ದೊಡ್ಡದು ಬರ್ದೀನಿ.”

ಸಂಗಮ್ಮ ಬೇಳೆಯ ಪಾತ್ರೆ ಇಳಿಸಿ, ಮದುವೆಯಾದಾಗಿನಿಂದ ಮೊದಲ ಬಾರಿಗೆ ಗಂಡನ ಒಂದು ಚಿತ್ರವನ್ನು ಗಮನವಿಟ್ಟು ನೋಡಿದಳು. “ಈ ಅರ್ಧ ಯಾಕ ನೀಲಿ ಐತಿ?”

“ಅದು ಅಶುದ್ಧ ರಕ್ತ.” ಪುಸ್ತಕದಲ್ಲಿದ್ದ ಮಾತು. ಎಲ್ಲ ಚಾರ್ಟಿಗೂ ಅವನು ಬರೆಯುತ್ತಿದ್ದ ಮಾತು.

ಸಂಗಮ್ಮನ ಮುಖ ಬಿಳಿಚಿತು. “ಅರ್ಧ ರಕ್ತ ಕೆಟ್ಟು ನೀಲಿ ಆಗೇತಿ ಅಂತ ಆ ಡಾಕ್ಟರಮ್ಮ ಹೇಳಲೇ ಇಲ್ಲಲ್ಲ!”

ಅಷ್ಟರಲ್ಲಿ ಪಕ್ಕದ ಮನೆಯ ರೇಣುಕಮ್ಮ ಮೊಸರಿಗೆ ಹೆಪ್ಪು ಕೇಳಲು ಬಂದಳು. ಚಾರ್ಟು ನೋಡಿದಳು. “ಯವ್ವಾ! ಇದು ವಿಷ ಏರಿದ್ದು. ನೀಲಿ ಅಂದ್ರ ವಿಷನ. ಏನ ತಿಂದಿದ್ದೆ ಸಂಗಮ್ಮಾ?” ಎಂದವಳು ಹೆಪ್ಪು ಮರೆತು ಹೊರಗೋಡಿದಳು. ಸಂಜೆಯ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಸರದಿಯಲ್ಲಿ ಬಂದು ಚಾರ್ಟು ನೋಡಿ, ಸಂಗಮ್ಮನನ್ನು ನೋಡಿ, ಲೊಚಗುಟ್ಟಿ ಹೋದರು. ಜಡೆಪ್ಪನ ಯಾವ ಚಾರ್ಟನ್ನೂ ಇಷ್ಟು ಜನ ಇಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ.

“ಎಲ್ಲಾರಿಗೂ ಹಿಂಗ ನೀಲಿ ಇರ್ತೈತಿ” ಎಂದು ಅವನು ಸಮಾಧಾನ ಮಾಡಲು ನೋಡಿದ.

“ನಿಮಗೂ?”

“ನನಗೂ.”

ಸಂಗಮ್ಮ ಈಳಿಗೆಮಣೆಯತ್ತ ಕಣ್ಣು ಹಾಯಿಸಿದಳು. “ಕೈ ಕೊಡ್ರಿ, ನೋಡೋಣು.”

ಅವನು ಕೈ ಹಿಂದಕ್ಕೆಳೆದುಕೊಂಡ. “ಹಂಗಲ್ಲ. ಖರೇನ ನೀಲಿ ಇರಂಗಿಲ್ಲ. ಬ್ಯಾರೆ ಅಂತ ಗೊತ್ತಾಗ್ಲಿ ಅಂತ ನೀಲಿ ಬಳೀತಾರ.”

“ಇಲ್ಲದ್ದು ಬಳದ್ರ ಏನ ಗೊತ್ತಾಗತೈತ್ರಿ? ಇದ್ದ ರೋಗ ಸಾಲ್ದು ಅಂತ ಇಲ್ಲದ್ದೊಂದು ಹಚ್ಚೀರಿ” ಎಂದು ಚಾರ್ಟು ತೆಗೆದು, ಸುತ್ತಿ, ಸಿಲಿಂಡರಿನ ಹಿಂದೆ ನಿಲ್ಲಿಸಿದಳು.

ಮರುದಿನ ಅವನು ಯಲ್ಲೇಶ್ ಮೇಷ್ಟ್ರನ್ನು ಹಿಡಿದು ಕೇಳಿದ: “ರಕ್ತ ಖರೇನ ನೀಲಿ ಇರ್ತೈತೇನ್ರಿ?” ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. “ಸ್ವಲ್ಪ ಇರ್ತೈತಿ, ಜಡೆಪ್ಪಣ್ಣ. ಇರಲಿಕ್ಕಿಲ್ಲಾ ಅಂದ್ರ ಪುಸ್ತಕದಾಗ ಯಾಕ ಹಾಕ್ತಿದ್ರು? ಅದು ಬಿಡ್ರಿ. ಚಾರ್ಟಿನ ಕಾಲ ಮುಗೀತು. ನಾನು ತೋರಿಸ್ತೀನಿ ಸಂಗಮ್ಮ ವೈನಿಗೆ” ಎಂದು, ಸ್ಮಾರ್ಟ್ ಕ್ಲಾಸಿಗೆಂದು ಬಂದಿದ್ದ ಟ್ಯಾಬ್ ಹಿಡಿದುಕೊಂಡು ಸಂಜೆ ಮನೆಗೇ ಬಂದರು. ಮೊದಲು ಬಿರಿಯಾನಿ ಮಸಾಲೆಯ ಜಾಹೀರಾತು ಬಂತು. ಸಂಗಮ್ಮ ಅದನ್ನು ಪೂರ್ತಿ ನೋಡಿದಳು. ಆಮೇಲೆ ಢಂ ಢಂ ಸಂಗೀತದೊಂದಿಗೆ ಒಂದು ಎದೆ ತಾನಾಗಿಯೇ ಸೀಳಿಕೊಂಡಿತು. ಒಳಗಿನಿಂದ ಹೃದಯ ಹೊರಬಂದು, ಪರದೆಯ ತುಂಬ ಗಿರಗಿರನೆ ತಿರುಗಿ, ಎರಡು ಹೋಳಾಯಿತು. ಇಂಗ್ಲಿಷಿನಲ್ಲಿ ಒಬ್ಬನು ಬಹಳ ಸಂತೋಷದಿಂದ ಏನನ್ನೋ ಹೇಳುತ್ತಿದ್ದ.

“ಬಂದ್ ಮಾಡ್ರಿ!” ಎಂದ ಸಂಗಮ್ಮ ಸೆರಗು ಮುಖಕ್ಕೆಳೆದುಕೊಂಡಳು. ಉಸಿರು ಸಿಗದೆ ಒದ್ದಾಡಿದಳು. ಇಬ್ಬರೂ ಹಿಡಿದು ಹೊಸ್ತಿಲ ಗಾಳಿಗೆ ತಂದು ಕೂರಿಸಬೇಕಾಯಿತು. “ಎದಿ ಕೊಯ್ಯಂಗಿಲ್ಲ ಅಂದಿದ್ರು. ಕೊಯ್ದು ತಿರುವಿ ತಿರುವಿ ತೋರಿಸ್ತಾರ” ಎಂದಳು, ಮಾತು ಬಂದ ಮೇಲೆ. ಮೇಷ್ಟ್ರು ಚಪ್ಪಲಿ ಹುಡುಕಿಕೊಂಡರು. ಕಲಿಕೆಯಲ್ಲಿ ಕಣ್ಣಿನ ಪಾತ್ರದ ಬಗ್ಗೆ ಅವರು ಆ ಮನೆಯಲ್ಲಿ ಮತ್ತೆ ಮಾತೆತ್ತಲಿಲ್ಲ.

ನವರಾತ್ರಿ ಮುಗಿಯಿತು. ಸಂಗಮ್ಮನ ಪಾದಗಳು ಬಾತುಕೊಂಡವು, ಕಾಲುಂಗುರ ಬಿಗಿಯಾಗಿ ತೆಗೆದಿಟ್ಟಳು. ಬರೆಯುವುದೆಲ್ಲ ಬರೆದು ಮುಗಿದಿತ್ತು. ಒಂದು ಮಧ್ಯಾಹ್ನ ಜಡೆಪ್ಪ ಬರಿಗೈಯಲ್ಲಿ ಬಂದು ಅವಳ ಪಕ್ಕ ಹೊಸ್ತಿಲ ಮೇಲೆ ಕುಳಿತ. ಅವಳು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ನಡುನಡುವೆ ಕೈ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಅವಳಿಗೆ ತಿಳಿಸುವುದನ್ನು ಬಿಟ್ಟು ಅವಳನ್ನು ಕೇಳಬಹುದು ಎಂಬುದು ಅವನಿಗೆ ಆಗ ಹೊಳೆಯಿತು. ತಜ್ಞರು ಅದನ್ನು ಹೇಳಿಕೊಟ್ಟಿರಲಿಲ್ಲ.

“ಮಲಗಿದ್ರ ಹೆಂಗಾಗತೈತಿ, ಸಂಗೀ? ಹೇಳು.”

ಅವಳು ಒಂದು ಕಲ್ಲು ಆರಿಸಿ ಹೊರಗೆಸೆದಳು. “ಎದಿ ಮಟ ನೀರು ಬಂದು ನಿಂತಂಗ ಆಗತೈತ್ರಿ. ಎದ್ದು ಕುಂತ್ರ ಇಳೀತೈತಿ.”

ನೀರು ಎಂದೊಡನೆ ಅವನಿಗೆ ಮಾವನ ಹೊಲ ಕಣ್ಣಿಗೆ ಬಂತು. ಮೊರದ ಅಕ್ಕಿಯಲ್ಲಿ ಬೆರಳಿನಿಂದ ಉದ್ದಕ್ಕೊಂದು ಗೆರೆ ಎಳೆದ. “ಇದು ಕಾಲುವಿ. ಇಲ್ಲಿ ತೂಬು. ತೂಬಿನ ಗೇಟು ತುಕ್ಕು ಹಿಡಿದೈತಿ. ಅರ್ಧ ಅಷ್ಟ ಏಳತೈತಿ. ಏನಾಗತೈತಿ ಹೇಳು?”

“ಏನಾಗತೈತಿ? ಕೆಳಗಿನ ಹೊಲ ಒಣಗತೈತಿ.”

“ಮ್ಯಾಲೆ?”

“ಮ್ಯಾಲೆ ನೀರು ಹಿಂದಕ್ಕ ಒತ್ತತೈತಿ. ಬದು ಒಡೆದು ಹೊಲದಾಗ ನುಗ್ಗತೈತಿ.” ಅವಳ ಬೆರಳು ತಾನಾಗಿಯೇ ಅಕ್ಕಿಯಲ್ಲಿ ಮೇಲಕ್ಕೆ ಹೋಗಿ ಎರಡು ಮಡಿ ಕಟ್ಟಿತು. ಅಲ್ಲೇ ನಿಂತಿತು. “ಈ ಎರಡು ಮಡಿ… ನನ್ನ ಉಸಿರಿನ ಚೀಲ ಏನ್ರಿ?”

“ಹೌದು.”

“ಕೈಕಾಲಾಗ ಕಸುವು ಇಲ್ದಂಗಾಗೋದು, ಅದು ಕೊನೀ ಹೊಲ.”

“ಹೌದು.”

“ರೋಗ ಗೇಟಿಂದು. ರಕ್ತದ್ದಲ್ಲ.”

“ಅಲ್ಲ.”

ಜಡೆಪ್ಪ ಮೊರವನ್ನು ನೋಡಿದ. ಬಣ್ಣವಿಲ್ಲ, ಬಾಣವಿಲ್ಲ, ಪ್ಲಾಸ್ಟಿಕ್ ಹೊದಿಕೆಯಿಲ್ಲ. ಸಂಜೆಗೆ ಅನ್ನವಾಗಿ ಹೋಗುವ ಚಿತ್ರ. ಅವನ ಬದುಕಿನಲ್ಲಿ ಒಬ್ಬರಾದರೂ ಅವನ ಚಿತ್ರದಿಂದ ಒಂದು ವಿಷಯವನ್ನು ಪೂರ್ತಿ ತಿಳಿದುಕೊಂಡಿದ್ದರು. “ಹಂಗಾರ ಬಳ್ಳಾರಿಗೆ ಹೋಗಿ ಗೇಟು ರಿಪೇರಿ ಮಾಡಿಸೋಣು?” ಎಂದ.

“ಬ್ಯಾಡ.”

“ಯಾಕ?”

“ಗೇಟು ರಿಪೇರಿ ಅಂದ್ರ ನಾ ಕಾಣದ್ದೇನು? ನಮ್ಮಪ್ಪನ ಹೊಲದ ತೂಬಿಗೆ ಬಂದಿದ್ರಲ್ಲ ರಿಪೇರಿಯವ್ರು. ಜೀಪಿನಾಗ ಬಂದ್ರು. ತಂತಿ ಬಿಗಿದ್ರು, ಅದರ ಮ್ಯಾಲೆ ಒಂದು ಕಲ್ಲಿಟ್ರು, ಕಲ್ಲಿನ ಬಾಜೂಕ ನಿಂತು ಫೋಟೋ ತೆಗಿಸ್ಕೊಂಡ್ರು. ‘ಇನ್ನ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಚಿಂತಿ ಇಲ್ಲ ಯಜಮಾನ್ರೇ’ ಅಂದ್ರು. ಅದಕ್ಕಿಂತ ಮೊದ್ಲು ಅರ್ಧರೆ ಏಳ್ತಿತ್ತು. ಆಮ್ಯಾಲೆ ಅದೂ ಇಲ್ಲ. ಇಲ್ಲೂ ತಂತಿ ಅಂದಾಳಲ್ಲ ಆಕಿ!”

ಮೊದಲು ತಿಳಿಯದೆ ಬೇಡ ಎಂದಿದ್ದಳು, ಈಗ ತಿಳಿದು ಬೇಡ ಎಂದಳು. ಬೋಧನೆಯ ಭಾಷೆಯಲ್ಲಿ ಇದನ್ನು ಪ್ರಗತಿ ಎನ್ನುತ್ತಾರೆ.

ಅವನು ವಾದಿಸಲಿಲ್ಲ. “ಇದನ್ನ ಆ ಡಾಕ್ಟರಮ್ಮಗ ಹೇಳು. ನನಗ ಹೇಳಿದಂಗ ಹೇಳು. ಆಮ್ಯಾಲೆ ನಿನಗ ಬಿಟ್ಟಿದ್ದು” ಎಂದ. ಜಗಳಕ್ಕೆ ಕರೆದರೆ ಸಂಗಮ್ಮ ಇಲ್ಲ ಎಂದವಳಲ್ಲ. ಸೀರೆ ಬದಲಿಸಿಕೊಂಡು ಹೊರಟಳು.

ವಂದನಾ ಅವರ ಕೋಣೆಯಲ್ಲಿ ಅವಳು ಕುರ್ಚಿಯ ತುದಿಗೆ ಕುಳಿತು, ಮಧ್ಯೆ ಮಧ್ಯೆ ನಿಂತು ಉಸಿರೆಳೆದುಕೊಳ್ಳುತ್ತ ವಿಚಾರಣೆ ಶುರುಮಾಡಿದಳು.

“ಗೇಟು ರಿಪೇರಿ ನೀರು ನಿಲ್ಲಿಸಿ ಮಾಡ್ತೀರೋ, ಹರಿಯೋವಾಗ್ಲೇ ಮಾಡ್ತೀರೋ?”

ಡಾಕ್ಟರು ಜಡೆಪ್ಪನ ಮುಖ ನೋಡಿದರು. ಅವನು ಕಾಲುವೆಯ ಕಥೆಯನ್ನು ಚುಟುಕಾಗಿ ಹೇಳಿದ. ಡಾಕ್ಟರು ಹೊಸಪೇಟೆಯಲ್ಲೇ ಹುಟ್ಟಿ ಬೆಳೆದ ಹೆಣ್ಣುಮಗಳು. ಪೆನ್ನು ಕೆಳಗಿಟ್ಟು ಕುರ್ಚಿ ಮುಂದಕ್ಕೆಳೆದುಕೊಂಡರು. “ಹರಿಯೋವಾಗ್ಲೇ, ಅಮ್ಮಾ. ನಿಲ್ಲಿಸಂಗಿಲ್ಲ.”

“ಹರಿಯೋ ನೀರಾಗ ಆಗತೈತೇನ್ರಿ?”

“ಆ ಮಳೆಗಾಲದಾಗ ನಮ್ಮ ಡ್ಯಾಮಿನ ಗೇಟು ಚೈನು ಕಡಿದು ಕೊಚ್ಚಿ ಹೋದಾಗ, ನೀರು ನಿಲ್ಲಿಸಿ ಕೆಲಸ ಮಾಡಿದ್ರೇನು?”

ಸಂಗಮ್ಮ ತಲೆಯಲ್ಲಾಡಿಸಿದಳು. ಊರೇ ಉಸಿರು ಹಿಡಿದು ಕಾದ ದಿನಗಳವು. “ಹರಿಯೋ ನೀರಾಗ ಕ್ರೇನಿಂದ ಹಲಗಿ ಇಳಿಸಿದ್ರು. ಆದ್ರ ಅದು ಮುಚ್ಚಿದ್ದು. ನಂದು ತೆಗೀಬೇಕಲ್ಲ.”

“ಹೌದು, ಇದು ತೆಗೆಯೋದು. ಆದ್ರ ಹರಿಯೋ ನೀರಾಗನ.”

“ತಂತಿ ಅಲ್ಲೇ ಬಿಗಿದು ಬರ್ತೀರೇನು?”

“ಇಲ್ಲ. ತಂತಿ, ಬಲೂನು ಎರಡೂ ಹೊರಗ ತೆಗೀತಾರ. ಒಳಗ ಏನೂ ಬಿಡಂಗಿಲ್ಲ.”

“ಮಾಡೋದು ಯಾರು? ನೀವಾ?”

“ಬಳ್ಳಾರಿಯೊಳಗ ನಮ್ಮ ಹಿರಿಯ ಡಾಕ್ಟರು ಮಾಡ್ತಾರ. ನಾನೂ ಜೊತೀಗೆ ಇರ್ತೀನಿ. ಗೇಟು ಎಷ್ಟು ತೆರೀತು ಅಂತ ಅಲ್ಲೇ ನೋಡಿಯೇ ಹೊರಗ ಬರೋದು.”

ಸಂಗಮ್ಮ ಸೆರಗು ಸರಿಪಡಿಸಿಕೊಂಡಳು. ಆಮೇಲೆ ಕೊನೆಯ ಪ್ರಶ್ನೆ ಕೇಳಿದಳು. ಜಡೆಪ್ಪ ಕಣ್ಣು ಮುಚ್ಚಿಕೊಂಡ. ಇದಕ್ಕೆ ಬರುವ ಉತ್ತರವನ್ನು ಜೀಪಿನವರು ಆಗಲೇ ಕೊಟ್ಟುಹೋಗಿದ್ದರು.

“ಮತ್ತ ತುಕ್ಕು ಹಿಡಿಯಂಗಿಲ್ಲೇನು?”

“ಹಿಡೀಬಹುದಮ್ಮಾ” ಎಂದರು ವಂದನಾ. “ನಾಲ್ಕಾರು ವರ್ಷ ಚೊಲೊ ಇರಬಹುದು, ಹೆಚ್ಚೂ ಇರಬಹುದು. ಮತ್ತ ಬಿಗಿ ಆದ್ರ ಮತ್ತ ನೋಡಬೇಕಾಗತೈತಿ. ಕೆಲಸ ಮಾಡುವಾಗ ಗೇಟಿಗೆ ಪೆಟ್ಟಾಗಿ ಸೋರೋದೂ ಉಂಟು. ಭಾಳ ಕಡಿಮಿ, ಆದ್ರ ಉಂಟು. ಅದಕ್ಕ ನೀವು ಬರ್ತಾ ಇರಬೇಕು, ನಾನು ನೋಡ್ತಾ ಇರಬೇಕು.”

ಇಷ್ಟು ದಿನ ಕಷ್ಟಪಟ್ಟು ಬರೆದದ್ದನ್ನೆಲ್ಲ ಈ ಡಾಕ್ಟರಮ್ಮ ಒಂದೇ ಮಾತಿನಲ್ಲಿ ಅಳಿಸಿಬಿಟ್ಟಳು ಎಂದು ಜಡೆಪ್ಪನಿಗೆ ಅನ್ನಿಸಿತು. ಕಣ್ಣು ತೆರೆದು ನೋಡಿದರೆ, ಸಂಗಮ್ಮ ಕುರ್ಚಿಯಲ್ಲಿ ಮೊದಲ ಬಾರಿಗೆ ಹಿಂದಕ್ಕೊರಗಿ ಕುಳಿತಿದ್ದಳು.

“ಕೇಳಿದ್ರೇನ್ರಿ?” ಎಂದಳು ಅವನಿಗೆ. “ನಮ್ಮಪ್ಪನ ಕಾಲದಿಂದ ಕೇಳೀನಿ, ಗೇಟು ಮಾಡಾಕ ಬಂದವ್ರು ಒಬ್ರೂ ಈ ಮಾತು ಹೇಳಲಿಲ್ಲ. ಮತ್ತ ಕೆಡಬಹುದು ಅಂತ ಹೇಳೋರು ಇವ್ರೊಬ್ರೇ. ಇವ್ರಿಗೆ ಕೆಲಸ ಗೊತ್ತೈತಿ.” ಡಾಕ್ಟರ ಕಡೆ ತಿರುಗಿ, “ದಿನ ಹೇಳ್ರಿ” ಎಂದಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದೊಯ್ದ ಮೇಲೆ ಜಡೆಪ್ಪ ಓಣಿಯಂಥ ಉದ್ದನೆಯ ಪಡಸಾಲೆಯಲ್ಲಿ ನಿಂತ. ಎದುರಿನ ಗೋಡೆಯ ಮೇಲೆ ‘ನಿಮ್ಮ ಹೃದಯವನ್ನು ಅರಿಯಿರಿ’ ಎಂಬ ದೊಡ್ಡ ಚಿತ್ರವಿತ್ತು. ಅದರ ಮೊಳೆಗೆ ಯಾರೋ ಊಟದ ಚೀಲ ತೂಗುಹಾಕಿದ್ದರು. ಸರಿಯಾಗಿ ಕವಾಟದ ಜಾಗ ಮುಚ್ಚಿಹೋಗಿತ್ತು. ಬೇರೆ ದಿನವಾಗಿದ್ದರೆ ಚೀಲ ಸರಿಸಿ, ಗೆರೆಯ ತಪ್ಪು ಹುಡುಕುತ್ತಿದ್ದ. ಅಂದು ಅದಕ್ಕೆ ಬೆನ್ನು ಮಾಡಿ ನಿಂತ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಒಳಗೆ ನಡೆಯುತ್ತಿದ್ದುದನ್ನು ಕಲ್ಪಿಸಿಕೊಳ್ಳಲು ನೋಡಿದ. ಅಷ್ಟು ಸಲ ಬರೆದ ಹೃದಯ ಒಮ್ಮೆಯೂ ಕಣ್ಣಿಗೆ ಬರಲಿಲ್ಲ. ಮೊರದ ಮೇಲೆ ನಿಂತಿದ್ದ ಅವಳ ಬೆರಳು ಮಾತ್ರ ಬಂತು.

ವಂದನಾ ಹೊರಬಂದು ಮುಖಗವಸು ಇಳಿಸಿದರು. “ಗೇಟು ತೆರೀತು” ಎಂದರು. “ಒಳಗೆ ಎಚ್ಚರಾಗೇ ಇದ್ರಲ್ಲ, ‘ಟಿವಿಯೊಳಗ ಕಾಣತೈತಿ, ನೋಡ್ತೀರೇನಮ್ಮಾ’ ಅಂದೆ. ‘ಬ್ಯಾಡ್ರಿ, ನೀವು ನೋಡ್ರಿ, ನೋಡಿ ಮಾಡ್ರಿ’ ಅಂದ್ರು.”

ಮಧ್ಯಾಹ್ನದ ಬಿಸಿಲು ವಾರ್ಡಿನ ಕಿಟಕಿಯಿಂದ ಮಂಚದ ಕಾಲಿನವರೆಗೆ ಬಂದಿತ್ತು. ಸಂಗಮ್ಮ ಚಪ್ಪಟೆಯಾಗಿ, ಒಂದೇ ದಿಂಬಿನ ಮೇಲೆ ಮಲಗಿದ್ದಳು. ಅವಳು ಹಾಗೆ ಮಲಗಿ ಎಷ್ಟೋ ತಿಂಗಳಾಗಿತ್ತು. ಹೊದಿಕೆ ಮೇಲೇರುತ್ತಿತ್ತು, ಇಳಿಯುತ್ತಿತ್ತು, ಅವಸರವಿಲ್ಲದೆ. ಜಡೆಪ್ಪ ಸ್ಟೂಲಿನ ಮೇಲೆ ಕುಳಿತು ಅದನ್ನೇ ನೋಡುತ್ತಿದ್ದ. ಒಮ್ಮೆ ನರ್ಸ್ ಬಂದು ಹೋದಳು, ಪಕ್ಕದ ಮಂಚದವರು ಊಟ ಬಿಚ್ಚಿದರು. ಅವನು ಅಲುಗಲಿಲ್ಲ.

ಸಂಗಮ್ಮ ಒಂದು ಕಣ್ಣು ತೆರೆದಳು. “ಏನ ಅಷ್ಟು ನೋಡಾಕತ್ತೀರಿ?”

“ಏನಿಲ್ಲ.”

“ಹಂಗಾರ ಆ ಕಡೆ ತಿರುಗ್ರಿ. ಹಿಂಗ ದಿಟ್ಟಿಸಿ ಕುಂತ್ರ ನನಗ ನಿದ್ದಿ ಬರಂಗಿಲ್ಲ.”

ಅವನು ಸ್ಟೂಲು ತಿರುಗಿಸಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕುಳಿತ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಒಂದು ನೀರಿನ ಟ್ಯಾಂಕು, ಅದರ ಮೇಲೆರಡು ಕಾಗೆ. ಬೆನ್ನ ಹಿಂದಿನಿಂದ ಅವಳ ಉಸಿರು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ಗೊರಕೆಯಾಯಿತು.